ಹನ್ನೆರಡು ವರ್ಷದ ಹೊಗೆ

ಗಿರಾಕಿಗಳ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದು ವಿಸ್ಕಿ ಕಾರ್ಖಾನೆಯಲ್ಲಿ ಲೋಟ ತೊಳೆಯುವವಳ ಹಳೆಯ ಅಭ್ಯಾಸ. ಆವತ್ತು ಅದು ಕೈಕೊಟ್ಟಿತು. ರುಚಿ ನೋಡುವ ಕೋಣೆಯಲ್ಲಿ, ಅವಳ ಪಕ್ಕದ ಮೇಜಿಗೇ ಅಕ್ಕ ತಮ್ಮ ಇಬ್ಬರು ಬಂದು ಕೂತರು. ಪೀಟ್ ಎಂಬ ಜೌಗು ಮಣ್ಣು ಸುಟ್ಟ ಹೊಗೆಯಲ್ಲಿ ಬಾರ್ಲಿ ಒಣಗಿಸಿ ಮಾಡಿದ ಹನ್ನೆರಡು ವರ್ಷದ ಸಿಂಗಲ್ ಮಾಲ್ಟ್ ವಿಸ್ಕಿ ಬಿಟ್ಟು ಬೇರೆ ಏನೂ ಬೇಡವೆಂದರು.

"ಸಿಹಿ ಇದೆಯಲ್ಲೋ. ಬೆಲ್ಲ ಕಾಯಿಸಿದ ಹಾಗೆ."

"ಅದು ರಮ್ ಇಟ್ಟಿದ್ದ ಪೀಪಾಯಿದು ಅಕ್ಕಾ. ಕೊನೇ ವರ್ಷ ಅದ್ರಲ್ಲಿಟ್ಟಿರ್ತಾರೆ. ಸ್ವಲ್ಪ ತಡಿ."

"ಅಯ್ಯೋ... ಅಪ್ಪನ ಅಂಗಿ ವಾಸನೆ!"

"ಅಪ್ಪ ಇಲ್ಲಿ ಕೆಲಸಕ್ಕಿದ್ದಾಗ ಒಣಗಿಸಿದ ಕೊನೇ ಬಾರ್ಲಿ ಇದೇ."

"ಅಪ್ಪ ಇಷ್ಟೊಂದು ಹೊಗೆ ಹಾಕ್ತಿದ್ರಾ?"

"ಇಲ್ಲ. ಆವತ್ತು ಬಾರ್ಲಿಗೆ ಹೊಗೆ ಚೆನ್ನಾಗಿ ಹತ್ಲಿ ಅಂತ ನಾನೇ ಹೊಗೆಕೋಣೆ ಗವಾಕ್ಷಿ ಮುಚ್ಚಿದ್ದೆ. ಬಾರ್ಲಿ ತಿರುವಿ ಹಾಕೋಕೆ ಅಪ್ಪ ಒಳಗೆ ಹೋಗಿದ್ದು ಗೊತ್ತಾಗ್ಲಿಲ್ಲ."

ತೊಳೆಯುವವಳ ಕೈ ನೀರಲ್ಲೇ ನಿಂತಿತು.

"ಗವಾಕ್ಷಿ ತೆರೆದೇ ಇತ್ತು, ಎದೆನೋವಿಂದ ಹೋದ್ರು ಅಂದಿದ್ಯಲ್ಲೋ."

"ಅಪ್ಪನ್ನ ಹೊರಗೆ ಎಳ್ಕೊಂಡು ಬಂದ್ಮೇಲೆ ತೆರೆದೆ."

"ಅಂದ್ರೆ ಅವರ ಎದೆಗೆ ಹೋಗಿದ್ದೂ ಇದೇ ಹೊಗೆ."

"ಹೂಂ. ಹೊಗೆ ಗಾಢವಾಗಿದೆ ಅಂತ ಈಗ ಎಲ್ಲರೂ ಹೊಗಳ್ತಾರೆ."

ಅಕ್ಕ ತನ್ನ ಲೋಟವನ್ನು ಒಂದೇ ಗುಟುಕಿಗೆ ಬರಿದು ಮಾಡಿದಳು.

"ನಿಂದೂ ಕುಡಿ. ಒಂದು ಹನಿ ಬಿಡ್ಬೇಡ."

ಅವನು ಕುಡಿದ. ಕೆಮ್ಮು ಒತ್ತರಿಸಿ ಬಂತು. ಅವಳು ಬೆನ್ನು ಸವರಲಿಲ್ಲ. ಎದ್ದು ಮುಂದೆ ನಡೆದಳು, ಅವನು ಹಿಂದೆ.

"ಹೊರಗೆ ಚಳಿ ಗಾಳಿ ಇದೆ. ಬಾಗಿಲು ಮುಚ್ಚಲಾ ಅಕ್ಕಾ?"

"ಬೇಡ. ಒಳಗೆ ಇನ್ನೂ ಜನ ಇದ್ದಾರೆ."