ಕಾಯಿ ತಾಗಿದ ಗಾಲಿ

ಬೇಗಂಪೇಟೆಯ ಗಾಲಿ ಪೇಂಟಿಂಗ್ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಕೂತಿದ್ದರು. ಮಗ ಆಚೆ ಕಾರಿನ ಬಳಿ ಕುಕ್ಕರಗಾಲಲ್ಲಿ ಕೂತು, ಚಕ್ಕೆ ಎದ್ದಿದ್ದ ಅಲಾಯ್ ವೀಲಿಗೆ ಹಚ್ಚಿದ ಹೊಸ ಬಣ್ಣವನ್ನು ಪರೀಕ್ಷಿಸುತ್ತಿದ್ದ. ಸುತ್ತ ತೆಲುಗು, ಹಿಂದಿ. ತಮ್ಮ ಕಲಬುರಗಿ ಕಡೆಯ ಕನ್ನಡ ಯಾರಿಗೂ ತಿಳಿಯದೆಂದು ಹೆಂಗಸರು ದನಿ ತಗ್ಗಿಸಿರಲಿಲ್ಲ.

"ಅತ್ತಿ, ಫುಟ್‌ಪಾತಿಗೆ ತಿಕ್ಕಿದಾಕಿ ನಾನ. ಹೋಗಿ ಹೇಳಿಬಿಡ್ಲೇನ್ರಿ?"

"ಸುಮ್ನ ಕುಂದ್ರು ಶೈಲಾ. ಗಾಡಿ ಪೂಜಿಯಾಗ ನಾ ಕಾಯಿ ಒಡಿಯೋವಾಗ ತಾಗ್ಯದ ಅಂತ ಹೇಳೀನಿ. ಮುಗೀತು."

"ಮಂದಿ ಮುಂದ ಇವ್ರು ನಿಮಗ ಹ್ಯಾಂಗ ಬೈದ್ರು!"

"ನನಗ ಬರೇ ಬಾಯಿಲೆ ಬೈತಾನ."

"ಮೊನ್ನಿ ಸಿಗ್ನಲ್‌ನ್ಯಾಗ ನನಗ ಹೊಡದದ್ದು ನೋಡಿದ್ರೇನ್ರಿ?"

"ನಾ ಹಿಂದಿನ ಸೀಟಿನ್ಯಾಗ ಇದ್ನಲ್ಲ. ನೋಡಿ, ಮಾರಿ ಆಕಡಿ ತಿರುವಿಕೊಂಡೆ."

"ಹೋಗ್ಲಿ ಬಿಡ್ರಿ."

"ಎಲ್ಲಿ ಹೋಗ್ತದ? ಇವನಪ್ಪ ನನಗ ಹೊಡಿಯೋವಾಗ ನಮ್ಮತ್ತಿನೂ ಹಂಗ ತಿರುವಿಕೋತಿದ್ಲು. ಆಕಿ ಸಾಯೋತನಕ ಆಕಿಗೆ ಹಿಡಿಶಾಪ ಹಾಕೀನಿ. ಈಗ ನಾನೂ ಆಕಿನ ಆದೆ."

ಮಗ ಗಾಲಿಯನ್ನು ತನ್ನ ಕರ್ಚೀಫಿನಿಂದ ಮೆಲ್ಲಗೆ ಒರೆಸಿ ಎದ್ದ.

"ಅವ್ವಾ, ಇನ್ನ ಮುಂದ ಕಾಯಿ ದೂರ ಒಡಿ, ತಿಳೀತಿಲ್ಲೋ? ಶೈಲಾ, ಲಗೂ ಹತ್ತು."

ಅವನು ಹೆಂಡತಿಗೆ ಮುಂದಿನ ಬಾಗಿಲು ತೆರೆದ. ಮುದುಕಿ ಸೊಸೆಯ ತೋಳು ಹಿಡಿದು ಹಿಂದಿನ ಬಾಗಿಲಿಗೆ ದಾಟಿಸಿ, ತಾನು ಮುಂದೆ ಹತ್ತಿದಳು.

"ಆಕಿ ಹಿಂದ ಕುಂದರತಾಳ. ಇವತ್ತಿನಿಂದ ನಿನ್ನ ಬಾಜೂಕ ನಾ ಕುಂದರಾಕಿ. ನಡಿ, ಗಾಡಿ ಹೊಡಿ."