ಬಿಳಿ ಕೋಟು

ನರರೋಗದ ಡಾಕ್ಟರ ಕೋಣೆಯೆದುರು ಸರದಿ ಕಾಯುತ್ತಿದ್ದ ಬಸ್ ಡ್ರೈವರನಿಗೆ ಜೋಮು ಹಿಡಿದಿದ್ದು ಕೈಗೆ. ಕಿವಿ ಮಾತ್ರ ಚುರುಕಾಗಿ ಪಕ್ಕದ ಬೆಂಚಿನ ಅಕ್ಕತಂಗಿಯರ ಮೇಲೇ ಇತ್ತು. ಅವರ ತಾಯಿ ಒಳಗಿದ್ದರು.

"ಮುದಿ ಮಿದುಳಲ್ಲೂ ಹೊಸ ನರಕೋಶ ಹುಟ್ಟಬಹುದಂತೆ, ಅಕ್ಕಾ. ಅಮ್ಮ ಹೊಸದೇನಾದ್ರೂ ಕಲಿತ್ರೆ ಒಳ್ಳೇದಂತೆ."

"ಕಲಿತಿದ್ದಾಳಲ್ಲ."

"ಏನು?"

"ನಾನು ಮಾತ್ರೆ ಕೊಟ್ರೆ ಮುಖಕ್ಕೇ ಉಗೀತಿದ್ಲು. ಮಗನ ಲ್ಯಾಬಿನ ಬಿಳಿ ಕೋಟು ಹಾಕ್ಕೊಂಡು ಕೊಟ್ಟೆ, ತುಟಿಪಿಟಕ್ಕೆನ್ನದೆ ನುಂಗಿದ್ಲು. ಆಮೇಲೆ ದಿನಾ ಹಾಕ್ಕೊಂಡೆ."

"ಒಳ್ಳೇದೇ ಆಯ್ತಲ್ಲ."

"ಹೂಂ, ಆಯ್ತು. ಈಗ ಕೋಟು ತೆಗೆದ್ರೂ ನಾನು ನರ್ಸಮ್ಮನೇ. ಅದೊಂದನ್ನ ಮಾತ್ರ ಮರೆಯೋದೇ ಇಲ್ಲ."

"ಮನಸ್ಸಿಗೆ ಹಚ್ಕೋಬೇಡ. ಕಾಯಿಲೆ ತಾನೇ."

"ವರ್ಷಕ್ಕೊಂದ್ಸಲ ಮುಖ ತೋರಿಸೋರಿಗೆ ಹಾಗನ್ನೋದು ಸುಲಭ."

ಬಾಗಿಲು ತೆರೆಯಿತು. ತಾಯಿ ಗೋಡೆ ಹಿಡಿದು ಹೊರಬಂದು ಕಿರಿಯವಳ ಕೆನ್ನೆ ಸವರಿದರು. "ನೀನಾದ್ರೂ ಬಂದ್ಯಲ್ಲ, ಪುಟ್ಟೀ." ಆಮೇಲೆ ಹಿರಿಯವಳತ್ತ ಕೈ ಚಾಚಿದರು. "ನಡೀರಿ ನರ್ಸಮ್ಮ. ನನ್ನ ದೊಡ್ಡ ಮಗಳೂ ಇದ್ದಾಳೆ ನೋಡಿ, ಹೆತ್ತೋಳು ಇದ್ದಾಳೋ ಸತ್ತಳೋ ಅಂತ ಒಂದಿನ ತಿರುಗಿ ನೋಡಲಿಲ್ಲ."



"ಅಂಥ ಮಗಳು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಬಿಡಿ, ಅಮ್ಮಾವ್ರೇ," ಎಂದ ಹಿರಿಯವಳು ಬಗ್ಗಿ ಆಕೆಯ ಕಾಲಿಗೆ ಚಪ್ಪಲಿ ತೊಡಿಸಿದಳು, ಕೈಹಿಡಿದು ಮೆಟ್ಟಿಲಿಳಿಸಿಕೊಂಡು ಹೋದಳು.