ಪೂರ್ಣಿಮಾ ನಿಂತೇ ಇದ್ದಳು

ಇದು ಎಲ್ಲಿಯದೋ ಯಾರದೋ ಸುದ್ದಿಯಲ್ಲ. ನನ್ನ ಮೈದುನನ ಮಗ ಗುರುಸಿದ್ದನಿಗೆ, ಹೋದ ವರ್ಷ, ಇದೇ ಬನಹಟ್ಟಿಯಲ್ಲಿ ಆದದ್ದು. ಅವನು ಹೇಳಿದ್ದನ್ನು ಆ ರಾತ್ರಿಯೇ ಬರೆದಿಟ್ಟುಕೊಂಡೆ. ಒಂದು ಮಾತೂ ಸೇರಿಸಿಲ್ಲ.

ಮುಧೋಳದಲ್ಲಿ ಮದುವೆಯ ಫೋಟೋ ಮುಗಿಸಿ ಕೊನೆಯ ಬಸ್ಸಿಗೆ ಬಂದಿಳಿದಿದ್ದ. ಹೆಗಲಲ್ಲಿ ಕ್ಯಾಮೆರಾ ಚೀಲ. ಮನೆಗೆ ಹತ್ತಿರದ ದಾರಿ ಹಳೆಯ ಬಾವಿಯ ಮಗ್ಗುಲಿಗೆ. ತಿಂಗಳಿಂದ ಆ ದಾರಿ ತುಳಿದಿರಲಿಲ್ಲ... ಆವತ್ತು ಕಾಲು ಸೋತಿದ್ದವು. ಓಣಿಯ ಕರೆಂಟಿನ ಮಗ್ಗಗಳು ಖಟ್-ಖಟಾ, ಖಟ್-ಖಟಾ ಎನ್ನುತ್ತಿದ್ದವು. ಆ ಸದ್ದಿನ ಧೈರ್ಯದ ಮೇಲೆ ನಡೆದ.

ಆ ದಾರಿ ಬಿಟ್ಟದ್ದಕ್ಕೆ ಕಾರಣ ಪೂರ್ಣಿಮಾ.

ನಮ್ಮ ಓಣಿಯ ತಾರವ್ವನ ಮಗಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದವಳು. ಸೀರೆ ಅಂಗಡಿಯವರು ಮೊಬೈಲಿನಲ್ಲಿ ಮಾರಲು ಫೋಟೋ ಬೇಕೆಂದಾಗ ಗುರುಸಿದ್ದ ಅವಳನ್ನೇ ಕರೆದ. ಮೊದಲ ದಿನ ಕಟ್ಟಿಗೆಯಂತೆ ಬಿಗಿದು ನಿಂತಳಂತೆ. ಅವನು ಯಾರನ್ನೂ ಮುಟ್ಟಿ ತಿದ್ದುವವನಲ್ಲ. ತಾನೇ ಸೆರಗು ಹೊದ್ದು, ನಿಂತು ತೋರಿಸಿ ನಗಿಸುತ್ತಿದ್ದ. ತೆಗೆದದ್ದನ್ನು ಮೊದಲು ಅವಳಿಗೇ ತೋರಿಸುತ್ತಿದ್ದ.

“ನಾ ಆತು ಅನ್ನೂತನಕ ಹಿಂಗ ಇರವಾ. ಆತು ಅಂದಮ್ಯಾಲ ಸಡ್ಲ ಬಿಡು.”

ಆ ಮಾತು ಅವಳು ಮೀರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಕದಲುತ್ತಿರಲಿಲ್ಲ.

ಕೊನೆಯ ದಿನ ಬಾವಿಗೆ ಇಳಿಯುವ ಪಾವಟಿಗೆಯ ಮೇಲೆ ನಿಲ್ಲಿಸಿದ್ದ. ಮೋಡ ಬಂತು. “ಬಿಸಲ ಬರ್ಲಿ, ಹಂಗ ಇರು” ಎಂದ. ಅಷ್ಟರಲ್ಲಿ ಅಂಗಡಿಯವರ ಫೋನು... ಇವನು ಓಡಿದ. ಅಂಗಡಿಯ ಕೆಲಸದಲ್ಲೇ ಸಿಕ್ಕಿಬಿದ್ದ. ಕತ್ತಲಾದ ಮೇಲೆ ತಾರವ್ವ ಬಂದು ಮಗಳನ್ನು ಕೈಹಿಡಿದು ಎಳೆದುಕೊಂಡು ಹೋದಳು.

ರಾತ್ರಿ ಪೂರ್ಣಿಮಾ ಫೋನು ಮಾಡಿದಳು. “ಅಣ್ಣಾರ, ನೀವು ಆತು ಅಂದ ಇಲ್ರಿ!”

“ನಾಳಿ ಅಂತೇನಿ ಬೇ. ಒಂದ ರಾತ್ರಿ ತಡಿಯಾಕ ಆಗಂಗಿಲ್ಲೇನು?”

ಇಬ್ಬರೂ ನಕ್ಕರು. ಬೆಳಗಾದರೆ ಅವಳಿಗೆ ಜ್ವರ. ಮೂರನೆಯ ದಿನ ಹುಡುಗಿ ತೀರಿಕೊಂಡಳು.

ಕೊನೆಯ ಬಸ್ಸು ಇಳಿದ ಆ ರಾತ್ರಿ ಗುರುಸಿದ್ದ ಬಾವಿಯ ಹತ್ತಿರ ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು. ಎಲ್ಲ ಸುಮ್ಮನೆ... ಚೀಲದ ಕೊಂಡಿ ಕಿರ್ ಎಂದದ್ದೂ ಕೇಳಿಸಿತು. ಬೆಳದಿಂಗಳಿತ್ತು. ಪಾವಟಿಗೆಯ ಮೇಲೆ ಯಾರೋ ನಿಂತಿದ್ದರು. ಗದ್ದ ತುಸು ಮೇಲೆ, ಎಡಗೈ ಕಲ್ಲುಗಂಬದ ಮೇಲೆ. ಅವನೇ ನಿಲ್ಲಿಸಿದ ಹಾಗೆ.

“ಅಣ್ಣಾರ...” ಪಿಸುಮಾತು. “ಕುತ್ತಿಗಿ ನೋಯಾಕತ್ತೈತ್ರಿ...”

“ಪೂರ್ಣಿ... ಇನ್ನೂ ಇಲ್ಲೇ ಅದೀಯೇನವಾ?”

“ನೀವ ಅಂದಿದ್ರಲ್ರಿ... ಹಂಗ ಇರು ಅಂತ.”

“ಓಡಬೇಕು ಅನಸಲಿಲ್ಲ, ದೊಡ್ಡವ್ವಾ” ಎಂದ ನನ್ನ ಮುಂದೆ. ‘ಆತು’ ಎಂಬ ಆ ಒಂದು ಮಾತು ಅಂದರೆ ಹೋಗಿಬಿಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಇನ್ನೊಂದು ಗಳಿಗೆ ನೋಡುತ್ತ ನಿಂತ. ಅವಳ ಬಳೆಗಳು ಸಣ್ಣಗೆ ನಡುಗುತ್ತಿದ್ದವು... ಚಿಣ್... ಚಿಣ್. ದಣಿದ ಕೈಯ ನಡುಕ.

“ಭಾಳ ಛಲೋ ನಿಂತೀಯವಾ” ಎಂದ. “ಆತು. ಸಡ್ಲ ಬಿಡು.”

ಹಿಡಿದಿಟ್ಟ ಉಸಿರು ಹೊರಬಿದ್ದ ಸದ್ದು... ಹ್ಹಾ... ಅಷ್ಟೇ. ನೀರಿನಲ್ಲಿ ಏನೂ ಬೀಳಲಿಲ್ಲ. ಕರೆಂಟು ಬಂತು, ಮಗ್ಗಗಳು ಶುರುವಾದವು. ಪಾವಟಿಗೆ ಬರಿದಾಗಿತ್ತು.

ನಮ್ಮ ಬಾಗಿಲು ಬಡಿದು, ಹೊಸ್ತಿಲ ಮೇಲೆ ಕೂತು ಮಗುವಿನ ಹಾಗೆ ಅತ್ತ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದವಳು. ದಣಿವು, ದುಃಖ, ಹಾಗೆ ಕಾಣುತ್ತದೆ ಎಂದು ಸಮಾಧಾನ ಹೇಳಿದೆ. ಬೆಳಗಾದ ಮೇಲೆ ಒಬ್ಬಳೇ ಬಾವಿಗೆ ಹೋದೆ.

ಆ ನೀರನ್ನು ಈಗ ಯಾರೂ ಸೇದುವುದಿಲ್ಲ. ಪಾವಟಿಗೆಯ ತುಂಬ ಒಂದು ತಿಂಗಳ ಧೂಳು, ಮಗ್ಗದಿಂದ ಹಾರಿಬಂದ ನೂಲಿನ ಎಳೆ, ಒಣಗಿದ ಬೇವಿನೆಲೆ. ಕಲ್ಲುಗಂಬದ ಪಕ್ಕ ಎರಡು ಕಡೆ ಮಾತ್ರ ಧೂಳು ಬಿದ್ದೇ ಇರಲಿಲ್ಲ. ಗುಡಿಸಿದ ಗುರುತೂ ಇರಲಿಲ್ಲ. ಕೂತು, ಕೈಯಿಟ್ಟು ಅಳೆದೆ. ಎರಡೂ ನನ್ನ ಗೇಣಿಗಿಂತ ಬೆರಳಷ್ಟು ಉದ್ದ, ಹಿಮ್ಮಡಿಯ ಕಡೆ ದುಂಡಗೆ.

ಖರೆ. ಅಳೆದವಳು ನಾನೇ.